ಗುರುತಿನ ಚೀಟಿಯ ಆಚೆಗೆ: ತ್ಯಾಜ್ಯ ಆಯುವವರ ದುಡಿಮೆಗೆ ಕೂಲಿ ಕೊಡಬೇಕಾದವರು ಯಾರು?

ಒಂದು ಲೀಟರ್ ನೀರಿನ ಖಾಲಿ ಬಾಟಲಿ ಸುಮಾರು 20ರಿಂದ 25 ಗ್ರಾಂ ತೂಗುತ್ತದೆ. ಒಂದು ಕಿಲೋ ಆಗಬೇಕಾದರೆ ನಲವತ್ತಕ್ಕೂ ಹೆಚ್ಚು ಬಾಟಲಿಗಳನ್ನು ಬೀದಿ, ಚರಂಡಿ, ಕಸದ ರಾಶಿಗಳಿಂದ ಹೆಕ್ಕಿ, ಉಳಿದ ನೀರನ್ನು ಚೆಲ್ಲಿ, ಮುಚ್ಚಳ ಬೇರ್ಪಡಿಸಿ, ತುಳಿದು ಚಪ್ಪಟೆ ಮಾಡಿ, ಚೀಲಕ್ಕೆ ತುಂಬಿ, ಗುಜರಿ ಅಂಗಡಿಯವರೆಗೆ ಹೊತ್ತು ತರಬೇಕು. ಅಲ್ಲಿ ತಕ್ಕಡಿ ಅಳೆಯುವುದು ಪ್ಲಾಸ್ಟಿಕ್ಕನ್ನು ಮಾತ್ರ. ಬೀದಿಯನ್ನು ಚೊಕ್ಕಟವಾಗಿಸಿದ್ದಕ್ಕೆ, ಮಳೆಗಾಲದಲ್ಲಿ ರಾಜಕಾಲುವೆ ಕಟ್ಟಿಕೊಳ್ಳದಂತೆ ನೋಡಿಕೊಂಡಿದ್ದಕ್ಕೆ, ಪಾಲಿಕೆ ತನ್ನ ಲಾರಿಯಲ್ಲಿ ಊರಾಚೆಗೆ ಸಾಗಿಸಬೇಕಾಗಿದ್ದ ಭಾರವನ್ನು ಇಳಿಸಿದ್ದಕ್ಕೆ ಅಲ್ಲಿ ಬೆಲೆಯಿಲ್ಲ. ಅದೇ ಬಾಟಲಿಯನ್ನು ಗುತ್ತಿಗೆದಾರನ, ಕಸವನ್ನು ಒತ್ತಿ ತುಂಬುವ ಕಾಂಪ್ಯಾಕ್ಟರ್ ಲಾರಿ ಹೊತ್ತೊಯ್ದಿದ್ದರೆ ಆ ಸಾಗಣೆಯ ಬಿಲ್ಲನ್ನು ಪಾಲಿಕೆ ಪಾವತಿಸುತ್ತಿತ್ತು. ತ್ಯಾಜ್ಯ ಆಯುವವರ ಬದುಕನ್ನು ಸುಧಾರಿಸುವ ಯಾವುದೇ ಮಾತು ಈ ವ್ಯತ್ಯಾಸದಿಂದ ಶುರುವಾಗಬೇಕು ಎಂಬುದು ಈ ಲೇಖನದ ನಿಲುವು. ಕೈಗವಸು, ಸಮವಸ್ತ್ರ, ಆರೋಗ್ಯ ಶಿಬಿರ, ಗುರುತಿನ ಚೀಟಿ ಇವೆಲ್ಲ ಬೇಕು. ಆದರೆ ಮಾಡಿದ ಕೆಲಸಕ್ಕೆ ಕೂಲಿಯೇ ಇಲ್ಲದ ವ್ಯವಸ್ಥೆಯಲ್ಲಿ ಇವು ಯಾವುವೂ ಬಹಳ ದಿನ ನಿಲ್ಲುವುದಿಲ್ಲ.

ಭಾರತದಲ್ಲಿ ಹೀಗೆ ಕಸ ಆಯ್ದು ಬದುಕುವವರ ಸಂಖ್ಯೆ 15 ಲಕ್ಷದಿಂದ 40 ಲಕ್ಷದವರೆಗೆ ಇರಬಹುದು ಎಂದು ಅಂದಾಜುಗಳಿವೆ. ಕೆಳಗಿನ ಅಂದಾಜಿಗೂ ಮೇಲಿನದಕ್ಕೂ ಇಷ್ಟು ಅಂತರವಿರುವುದೇ ಈ ಜನರನ್ನು ಸರ್ಕಾರಗಳು ಇಷ್ಟು ವರ್ಷ ಎಷ್ಟು ಗಮನಿಸಿವೆ ಎಂಬುದನ್ನು ತಿಳಿಸುತ್ತದೆ. ಈ ವಿಚಾರದಲ್ಲಿ ಬೆಂಗಳೂರು ಬೇರೆ ನಗರಗಳಿಗಿಂತ ಒಂದು ಹೆಜ್ಜೆ ಮುಂದಿತ್ತು ಎಂಬುದನ್ನು ಒಪ್ಪಬೇಕು. ಹೈಕೋರ್ಟಿನ ಲೋಕ ಅದಾಲತ್ ನೀಡಿದ ಸೂಚನೆಯ ಬೆನ್ನಿಗೆ, 2011ರಲ್ಲಿ ಅಂದಿನ ನಗರ ಪಾಲಿಕೆಯಾದ ಬಿಬಿಎಂಪಿ ತ್ಯಾಜ್ಯ ಆಯುವವರನ್ನು ಗುರುತಿಸಿ, ಆಯುಕ್ತರ ಸಹಿ ಇರುವ ವೃತ್ತಿ ಗುರುತಿನ ಚೀಟಿ ಕೊಡಲು ಆರಂಭಿಸಿತು. ಅದೇ ವರ್ಷ ರೂಪುಗೊಂಡ ಹಸಿರು ದಳ ಎಂಬ ಸಂಘಟನೆ ಈ ಕೆಲಸದಲ್ಲಿ ಜೊತೆ ನಿಂತಿತು. ಮುಂಜಾನೆ ನಾಲ್ಕು ಗಂಟೆಗೆ ಚೀಲ ಹೆಗಲೇರಿಸಿ ಹೊರಟ ಹೆಂಗಸನ್ನು ಕಳ್ಳಿ ಎಂದು ತಡೆಯುವ ಬೀಟ್ ಪೊಲೀಸರ ಮುಂದೆ ಆ ಚೀಟಿ ಹಿಡಿದು ನಿಲ್ಲಲು ಸಾಧ್ಯವಾದದ್ದು ಸಣ್ಣ ಬದಲಾವಣೆಯಲ್ಲ. ಬ್ಯಾಂಕ್ ಖಾತೆ ತೆರೆಯಲು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕೂಡ ಅದು ದಾರಿಯಾಯಿತು. ಒಂದೂವರೆ ದಶಕದ ನಂತರ ಹಿಂತಿರುಗಿ ನೋಡಿದರೆ, ಗುರುತು ಸಿಕ್ಕಿದೆ. ಆ ಗುರುತಿನ ಜೊತೆಗೆ ಬರಬೇಕಾಗಿದ್ದ ಕೂಲಿ, ಜಾಗ ಮತ್ತು ಗುತ್ತಿಗೆಯ ಹಕ್ಕು ಮಾತ್ರ ಇನ್ನೂ ಪೂರ್ತಿಯಾಗಿ ಕೈಸೇರಿಲ್ಲ.

ಇಲ್ಲೊಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಪೌರಕಾರ್ಮಿಕರು ಬೇರೆ, ತ್ಯಾಜ್ಯ ಆಯುವವರು ಬೇರೆ. ಬೀದಿ ಗುಡಿಸುವ ಪೌರಕಾರ್ಮಿಕರು ದಶಕಗಳ ಹೋರಾಟದ ಬಳಿಕ ಗುತ್ತಿಗೆದಾರರ ಹಿಡಿತದಿಂದ ಹೊರಬಂದು ನೇರ ವೇತನ ಪಡೆದರು, ಮತ್ತು 2025ರ ಮೇ ದಿನದಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರಗಳು ಸಿಕ್ಕವು. ಅದು ದೊಡ್ಡ ಗೆಲುವು. ಆದರೆ ಪಾಲಿಕೆಯ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ, ತನ್ನ ಚೀಲವನ್ನು ತಾನೇ ಹೊತ್ತು ತನ್ನ ಮಾಲನ್ನು ತಾನೇ ಮಾರುವ ತ್ಯಾಜ್ಯ ಆಯುವವರಿಗೆ ಆ ಗೆಲುವಿನಲ್ಲಿ ಪಾಲಿಲ್ಲ. ಇಬ್ಬರೂ ಬಹುಪಾಲು ದಲಿತ ಸಮುದಾಯಗಳಿಂದ ಬಂದವರು, ಇಬ್ಬರೂ ಊರಿನ ಕೊಳೆಯನ್ನು ಕೈಯಲ್ಲಿ ಮುಟ್ಟುವವರು, ಆದರೂ ಒಬ್ಬರು ಕಾನೂನಿನ ಕಣ್ಣಿನಲ್ಲಿ ಕಾರ್ಮಿಕರು, ಇನ್ನೊಬ್ಬರು ಸ್ವಂತ ಉದ್ಯೋಗಿಗಳು. ಮಾಲೀಕನೇ ಇಲ್ಲದಿರುವುದರಿಂದ ಕನಿಷ್ಠ ವೇತನ, ಇಎಸ್‌ಐ, ಭವಿಷ್ಯನಿಧಿ, ವಾರದ ರಜೆ ಇವುಗಳನ್ನು ಯಾರ ಬಳಿ ಕೇಳಬೇಕೆಂಬ ಪ್ರಶ್ನೆಗೆ ಇವರಲ್ಲಿ ಉತ್ತರವಿಲ್ಲ.

ಸ್ವಂತ ಉದ್ಯೋಗ ಎಂದರೂ ಅದರಲ್ಲಿ ಸ್ವಾತಂತ್ರ್ಯ ಎಷ್ಟಿದೆ ಎಂಬುದನ್ನು ತಿಳಿಯಲು ಗುಜರಿ ವ್ಯಾಪಾರದ ಸರಪಳಿಯನ್ನು ನೋಡಬೇಕು. ಆಯ್ದವರು ಬಡಾವಣೆಯ ಚಿಕ್ಕ ಗುಜರಿ ಅಂಗಡಿಗೆ ಮಾರುತ್ತಾರೆ. ಆ ಅಂಗಡಿಯವರು ಕಾಗದ, ರಟ್ಟು, ಕಬ್ಬಿಣ, ಗಾಜು, ಪ್ಲಾಸ್ಟಿಕ್ ಎಂದು ಬೇರ್ಪಡಿಸಿ ಒಂದೊಂದನ್ನೂ ಒಬ್ಬೊಬ್ಬ ದೊಡ್ಡ ವ್ಯಾಪಾರಿಗೆ ಕೊಡುತ್ತಾರೆ. ಕೆ.ಆರ್. ಮಾರುಕಟ್ಟೆಯ ಹತ್ತಿರದ ಜಾಲಿ ಮೊಹಲ್ಲಾ ಹಳೆಯ ಸಾಮಾನುಗಳ ಸಗಟು ವ್ಯಾಪಾರಕ್ಕೆ ಹೆಸರಾದ ಜಾಗ. ಮೈಸೂರು ರಸ್ತೆಯ ನಾಯಂಡಹಳ್ಳಿಯಲ್ಲಿ ಪ್ಲಾಸ್ಟಿಕ್ಕನ್ನು ಬಣ್ಣ ಮತ್ತು ಬಗೆಗಳಿಗೆ ತಕ್ಕಂತೆ ವಿಂಗಡಿಸಿ, ಪುಡಿಮಾಡಿ, ತೊಳೆದು, ಹರಳು ಮಾಡುವ ಸಣ್ಣ ಘಟಕಗಳ ಸಾಲೇ ಇದೆ. ಸರಪಳಿಯ ತುದಿಯಲ್ಲಿರುವ ಕಾರ್ಖಾನೆ ಕೊಡುವ ಬೆಲೆ ಕಚ್ಚಾ ತೈಲದ ಅಂತರರಾಷ್ಟ್ರೀಯ ದರವನ್ನು ಹಿಂಬಾಲಿಸುತ್ತದೆ, ಏಕೆಂದರೆ ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ಕೇ ಅಗ್ಗವಾಗುತ್ತದೆ, ಹಳೆಯದನ್ನು ಕೇಳುವವರು ಕಡಿಮೆಯಾಗುತ್ತಾರೆ. ಹೀಗೆ ಎಲ್ಲೋ ಕೊಲ್ಲಿ ದೇಶದಲ್ಲಿ ಇಳಿದ ದರದ ಪೆಟ್ಟು ಕೊನೆಗೆ ಬೀಳುವುದು ಯಶವಂತಪುರದ ರೈಲುಹಳಿಯ ಪಕ್ಕ ಬಾಟಲಿ ಹೆಕ್ಕುವವರ ಮೇಲೆ. ಮೇಲಿನ ವ್ಯಾಪಾರಿ ದಾಸ್ತಾನು ಮಾಡಿ ಬೆಲೆ ಏರುವವರೆಗೆ ಕಾಯಬಲ್ಲ. ಆ ದಿನದ ಅಕ್ಕಿಗೆ ಆ ದಿನದ ಚೀಲವನ್ನೇ ನಂಬಿದವರು ಕಾಯಲಾರರು.

ತೆರಿಗೆಯ ಪೆಟ್ಟೂ ಹಾಗೆಯೇ. ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿಯನ್ನು 2021ರ ಅಕ್ಟೋಬರಿನಿಂದ ಶೇ 5ರಿಂದ ಶೇ 18ಕ್ಕೆ ಏರಿಸಲಾಯಿತು. ಮೊದಲ ಸಲ ಬಳಕೆಗೆ ಬರುವಾಗಲೇ ತೆರಿಗೆ ಕಟ್ಟಿದ ವಸ್ತುವಿಗೆ ಕಸವಾದ ಮೇಲೆ ಮತ್ತೆ ತೆರಿಗೆ ಹಾಕಿದಾಗ, ಆ ಹೊರೆಯನ್ನು ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಕೆಳಗಿನವನ ಖರೀದಿ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಕೆಳಗೆ ಯಾರೂ ಇಲ್ಲದವರು ತ್ಯಾಜ್ಯ ಆಯುವವರು ಮಾತ್ರ.

ಇದಕ್ಕಿಂತ ಬಿಗಿಯಾದ ಕಟ್ಟು ಮುಂಗಡದ್ದು. ಕಾಯಿಲೆ, ಹೆರಿಗೆ, ಊರಿನ ಜಾತ್ರೆ, ಮದುವೆಗಳಿಗೆ ಸಾಲ ಕೊಡುವವನು ಗುಜರಿ ಅಂಗಡಿಯವನೇ. ಸಾಲ ತೀರುವವರೆಗೆ ಮಾಲನ್ನು ಅವನಿಗೇ ಹಾಕಬೇಕು, ಅವನು ಹೇಳಿದ ದರಕ್ಕೇ ಹಾಕಬೇಕು. ಆದರೂ ಅಂಗಡಿಯವನನ್ನು ಖಳನೆಂದು ಚಿತ್ರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಬ್ಯಾಂಕು ಒಳಗೆ ಬಿಟ್ಟುಕೊಳ್ಳದ ಮನುಷ್ಯರಿಗೆ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಖರ್ಚಿಗೆ ಹಣ ಕೊಡುವವನು ಅವನೊಬ್ಬನೇ ಆಗಿರುತ್ತಾನೆ, ಮತ್ತು ಚಿಕ್ಕ ಅಂಗಡಿಗಳವರಲ್ಲಿ ಹಲವರು ಒಂದು ಕಾಲಕ್ಕೆ ತಾವೇ ಚೀಲ ಹೊತ್ತವರು. ಈ ಕಟ್ಟನ್ನು ಸಡಿಲಿಸುವುದು ಸ್ವಸಹಾಯ ಸಂಘಗಳ ಮೂಲಕ ಸಿಗುವ ಸಣ್ಣ ಸಾಲವೇ ಹೊರತು ಅಂಗಡಿಗಳ ಮೇಲಿನ ದಾಳಿಯಲ್ಲ.

ಬೆಂಗಳೂರಿನ ಕಸದ ಇತಿಹಾಸದಲ್ಲಿ 2012ನೇ ವರ್ಷ ಒಂದು ತಿರುವು. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಗುಡ್ಡೆ ಆ ವರ್ಷ ಮುಚ್ಚಿತು, ಬೀದಿಗಳಲ್ಲಿ ಕಸ ಕೊಳೆಯಿತು, ಹಳ್ಳಿಗರ ಪ್ರತಿಭಟನೆಯ ನಡುವೆಯೇ ಭಾರವೆಲ್ಲ ಮಂಡೂರಿಗೆ ಹೋಯಿತು. 2014ರ ಕೊನೆಗೆ ಮಂಡೂರು ಕೂಡ ಬಾಗಿಲು ಹಾಕಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಚಾರಣೆಯಲ್ಲಿ ಹೈಕೋರ್ಟ್ ಮನೆಯಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿ, ವಾರ್ಡಿಗೊಂದು ಒಣ ತ್ಯಾಜ್ಯ ಸಂಗ್ರಹ ಕೇಂದ್ರ ಇರಬೇಕೆಂದು ಹೇಳಿತು. 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಸ್ಪಷ್ಟಪಡಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಪ್ಯಾಡ್‌ನಂಥ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ನಗರದ ಅನುಕೂಲಕ್ಕೆಂದು ಬಂದ ಈ ಆದೇಶಗಳು ತ್ಯಾಜ್ಯ ಆಯುವವರಿಗೂ ಒಂದು ಬಾಗಿಲು ತೆರೆದವು. ಬೀದಿಯಲ್ಲಿ ಹೆಕ್ಕುತ್ತಿದ್ದ ಹಲವರು ಒಣ ತ್ಯಾಜ್ಯ ಕೇಂದ್ರಗಳನ್ನು ನಡೆಸುವವರಾದರು. ಬೀದಿಯಲ್ಲಿ ಬಾಗಿ ಬಾಗಿ ಆಯುವ ಬದಲು ಸೂರಿನ ಕೆಳಗೆ ಕುಳಿತು ವಿಂಗಡಿಸುವುದು, ಗುಜರಿ ಅಂಗಡಿಯನ್ನು ದಾಟಿ ಸಗಟು ವ್ಯಾಪಾರಿಗೆ ನೇರವಾಗಿ ಮಾರುವುದು, ನಾಲ್ಕಾರು ಜನರಿಗೆ ಕೆಲಸ ಕೊಡುವುದು, ಲೆಕ್ಕಪುಸ್ತಕ ಇಡುವುದು ಇವೆಲ್ಲ ಸಾಧ್ಯವಾದವು. ಅನಕ್ಷರಸ್ಥ ಮಹಿಳೆಯರು ಕೈಯಲ್ಲಿ ಹಿಸುಕಿ, ಸದ್ದು ಕೇಳಿ, ಹತ್ತಾರು ಬಗೆಯ ಪ್ಲಾಸ್ಟಿಕ್ಕನ್ನು ಬೇರ್ಪಡಿಸುವ ಜ್ಞಾನಕ್ಕೆ ಮೊದಲ ಸಲ ಒಂದು ಕಟ್ಟಡ ಸಿಕ್ಕಿತು.

ಆದರೆ ಈ ಕೇಂದ್ರಗಳ ಆರ್ಥಿಕತೆಯೊಳಗೆ ಹಳೆಯ ಅನ್ಯಾಯವೇ ಹೊಸ ರೂಪದಲ್ಲಿ ಕುಳಿತಿದೆ. ಕೇಂದ್ರಕ್ಕೆ ಬರುವ ಒಣ ಕಸದಲ್ಲಿ ಹಾಲಿನ ಕವರ್, ನೀರಿನ ಬಾಟಲಿ, ರಟ್ಟು ಇವಕ್ಕೆ ಬೆಲೆಯಿದೆ. ಚಿಪ್ಸ್ ಪೊಟ್ಟಣ, ಬಿಸ್ಕತ್ತಿನ ಹೊದಿಕೆ, ಶಾಂಪೂ ಪೊಟ್ಟಣಗಳಂಥ ಹಲವು ಪದರಗಳ ಪ್ಲಾಸ್ಟಿಕ್, ಹರಿದ ಚಪ್ಪಲಿ, ಥರ್ಮೋಕೋಲ್, ಹಳೆಯ ಬಟ್ಟೆಗಳಿಗೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅವನ್ನೂ ವಿಂಗಡಿಸಬೇಕು, ಕಟ್ಟಬೇಕು, ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುವವರೆಗೆ ಶೆಡ್ಡಿನಲ್ಲಿ ಜಾಗ ಕೊಟ್ಟು ಇಟ್ಟುಕೊಳ್ಳಬೇಕು. ಇದು ಶುದ್ಧ ಸೇವೆ. ಇದಕ್ಕೆ ಪಾಲಿಕೆ ಹಣ ಕೊಡದಿದ್ದರೆ, ಅಥವಾ ಕೊಡುವುದಾಗಿ ಹೇಳಿ ತಿಂಗಳುಗಟ್ಟಲೆ ತಡಮಾಡಿದರೆ, ಬಾಟಲಿಯ ಲಾಭ ಚಿಪ್ಸ್ ಪೊಟ್ಟಣದ ನಷ್ಟದಲ್ಲಿ ಕರಗುತ್ತದೆ. ದೊಡ್ಡ ಗುತ್ತಿಗೆದಾರ ಬಿಲ್ ತಡವಾದರೆ ಬ್ಯಾಂಕಿನ ಓವರ್‌ಡ್ರಾಫ್ಟ್‌ನಲ್ಲಿ ಉಸಿರಾಡುತ್ತಾನೆ. ಕೇಂದ್ರ ನಡೆಸುವ ಮಹಿಳೆ ಮತ್ತೆ ಮೀಟರ್ ಬಡ್ಡಿಯವನ ಬಳಿಗೇ ಹೋಗಬೇಕಾಗುತ್ತದೆ. ತಿಂಗಳಿಗೊಮ್ಮೆ, ನಿಗದಿತ ತಾರೀಕಿನಂದು, ತೂಕದ ಚೀಟಿಯ ಆಧಾರದ ಮೇಲೆ ಹಣ ಖಾತೆಗೆ ಬೀಳುವುದು ಕೇಳಲು ಸಣ್ಣ ಆಡಳಿತ ಸುಧಾರಣೆಯಂತಿದೆ, ಆದರೆ ಇವರ ಬದುಕನ್ನು ಅತಿ ಬೇಗ ಬದಲಿಸಬಲ್ಲ ಒಂದೇ ಕ್ರಮವನ್ನು ಹೆಸರಿಸಿ ಎಂದರೆ ನಾನು ಇದನ್ನೇ ಹೆಸರಿಸುತ್ತೇನೆ.

ಸೇವೆಗೆ ಕೂಲಿ ಎಂಬುದು ಬರೀ ಆದರ್ಶದ ಮಾತಲ್ಲ, ಮಾಡಿ ತೋರಿಸಿದ ಊರುಗಳಿವೆ. ಪುಣೆಯಲ್ಲಿ 1993ರಲ್ಲಿ ಕಾಗದ, ಕಾಚ, ಪತ್ರಾ ಕಷ್ಟಕರಿ ಪಂಚಾಯತ್ ಎಂಬ ತ್ಯಾಜ್ಯ ಆಯುವವರ ಕಾರ್ಮಿಕ ಸಂಘ ಹುಟ್ಟಿತು. ಅದರ ಸದಸ್ಯರೇ ಒಡೆಯರಾಗಿರುವ ‘ಸ್ವಚ್ಛ್’ ಸಹಕಾರ ಸಂಘದ ಜೊತೆ ಪುಣೆ ಮಹಾನಗರ ಪಾಲಿಕೆ 2008ರಲ್ಲಿ ಒಪ್ಪಂದ ಮಾಡಿಕೊಂಡಿತು. ಮೂರು ಸಾವಿರಕ್ಕೂ ಹೆಚ್ಚು ಸದಸ್ಯರು, ಬಹುಪಾಲು ದಲಿತ ಮಹಿಳೆಯರು, ಮನೆಬಾಗಿಲಿಗೆ ಹೋಗಿ ಕಸ ತರುತ್ತಾರೆ. ಪ್ರತಿ ಮನೆಯೂ ತಿಂಗಳ ಶುಲ್ಕವನ್ನು ಅವರಿಗೇ ಕೊಡುತ್ತದೆ, ಒಣ ಕಸ ಮಾರಿದ ಹಣವೂ ಅವರದೇ. ತಳ್ಳುಗಾಡಿ, ವಿಂಗಡಿಸುವ ಜಾಗ, ಸುರಕ್ಷಾ ಸಾಮಗ್ರಿಗಳನ್ನು ಪಾಲಿಕೆ ಒದಗಿಸಬೇಕು. ಈ ಮಾದರಿಯ ಸತ್ತ್ವ ಎರಡು ಆದಾಯಗಳಲ್ಲಿದೆ: ಪ್ಲಾಸ್ಟಿಕ್ ದರ ಕುಸಿದ ತಿಂಗಳಲ್ಲಿ ಮನೆಶುಲ್ಕ ಕೈಹಿಡಿಯುತ್ತದೆ. ಅದರ ಬಲಹೀನತೆಯನ್ನೂ ಮುಚ್ಚಿಡಬೇಕಾಗಿಲ್ಲ. ಶುಲ್ಕ ಕೊಡಲು ಮನೆಯವರು ಸತಾಯಿಸುತ್ತಾರೆ, ಕೊಡದ ಮನೆಯ ಮುಂದೆ ಕೈಚಾಚುವ ಕಷ್ಟ ಮಹಿಳೆಯರದ್ದಾಗುತ್ತದೆ, ಮತ್ತು ಒಪ್ಪಂದ ಮುಗಿಯುವ ಪ್ರತಿಸಲವೂ ದೊಡ್ಡ ಕಂಪನಿಗಳಿಗೆ ಕೆಲಸ ಕೊಡುವ ಒತ್ತಡದ ವಿರುದ್ಧ ಬೀದಿಗಿಳಿಯಬೇಕಾಗುತ್ತದೆ.

ಕೊಲಂಬಿಯಾದ ರಾಜಧಾನಿ ಬೊಗೊಟಾ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ತ್ಯಾಜ್ಯ ಆಯುವವರ ಒಕ್ಕೂಟ ನಗರದ ಕಸದ ಟೆಂಡರುಗಳನ್ನು ಸಾಂವಿಧಾನಿಕ ನ್ಯಾಯಾಲಯದಲ್ಲಿ ಪ್ರಶ್ನಿಸುತ್ತಾ ಬಂತು. 2003ರಲ್ಲಿ ಒಂದು ಮಹತ್ವದ ತೀರ್ಪು ಪಡೆಯಿತು, 2011ರಲ್ಲಿ ದೊಡ್ಡ ಟೆಂಡರೊಂದನ್ನೇ ನಿಲ್ಲಿಸಿತು. ಬಡವರ ಜೀವನೋಪಾಯವನ್ನು ಕಿತ್ತುಕೊಳ್ಳುವ ಗುತ್ತಿಗೆ ಸಮಾನತೆಯ ಹಕ್ಕಿಗೆ ವಿರುದ್ಧ ಎಂಬುದು ನ್ಯಾಯಾಲಯದ ವಾದದ ತಿರುಳು. 2013ರಿಂದ ನಗರವು ಅವರಿಗೆ ಕಿಲೋ ಲೆಕ್ಕದಲ್ಲಿ ಸೇವಾಶುಲ್ಕ ಕೊಡಲು ಆರಂಭಿಸಿತು. ಅಧಿಕೃತ ತೂಕದ ಕೇಂದ್ರದಲ್ಲಿ ತೂಗಿದ ಮಾಲಿಗೆ ವ್ಯಾಪಾರಿ ಕೊಡುವ ಬೆಲೆಯ ಜೊತೆಗೆ, ಕಸ ಸಾಗಿಸುವ ಕಂಪನಿಗೆ ಕೊಡುವಂತೆಯೇ ಸಂಗ್ರಹಣೆಯ ದರವನ್ನು ನಗರ ಪ್ರತ್ಯೇಕವಾಗಿ ಪಾವತಿಸತೊಡಗಿತು. ಮನೆಮನೆಯಲ್ಲಿ ಶುಲ್ಕ ಬೇಡುವ ಪ್ರಮೇಯ ಇಲ್ಲಿಲ್ಲ.

ಬೆಂಗಳೂರಿಗೆ ಈ ಎರಡನೆಯ ದಾರಿಯೇ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಹಣದ ಮೂಲ ಈಗಾಗಲೇ ಇದೆ. 2025ರ ಏಪ್ರಿಲಿನಿಂದ ಇಲ್ಲಿ ಆಸ್ತಿ ತೆರಿಗೆಯ ಜೊತೆಗೆ ಘನತ್ಯಾಜ್ಯ ಬಳಕೆದಾರರ ಶುಲ್ಕ ವಸೂಲಾಗುತ್ತಿದೆ. ವಾಸದ ಮನೆಗಳಿಗೆ ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿಯವರೆಗೆ. ಹೀಗೆ ಸೇರುವ ಹಣದಲ್ಲಿ ಒಂದು ನಿಗದಿತ ಪಾಲನ್ನು, ಕಸ ಹೂಳುವ ಭೂಭರ್ತಿಗೆ ಹೋಗದಂತೆ ತಪ್ಪಿಸಿದ ಪ್ರತಿ ಕಿಲೋ ಒಣ ಕಸಕ್ಕೆ ಸೇವಾಶುಲ್ಕವಾಗಿ ಕೊಡಬಹುದು. ಒಣ ತ್ಯಾಜ್ಯ ಕೇಂದ್ರಗಳಲ್ಲಿ ತೂಕದ ಯಂತ್ರಗಳಿವೆ, ಗುರುತಿನ ಚೀಟಿ ಪಡೆದವರ ಪಟ್ಟಿಯಿದೆ, ಬ್ಯಾಂಕ್ ಖಾತೆಗಳಿವೆ. ಬೆಲೆಯಿಲ್ಲದ ಪೊಟ್ಟಣಗಳಿಗೆ ಹೆಚ್ಚು, ಬೆಲೆಯಿರುವ ಬಾಟಲಿಗೆ ಕಡಿಮೆ ಎಂದು ದರ ನಿಗದಿ ಮಾಡಿದರೆ ಬೀದಿಯಲ್ಲೇ ಉಳಿಯುವ ಕಸವೂ ಕೇಂದ್ರಕ್ಕೆ ಬರುತ್ತದೆ. ಸುಳ್ಳು ತೂಕ ಬರೆಯುವವರು ಹುಟ್ಟಿಕೊಳ್ಳಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಲಾರಿಗಳ ಸುಳ್ಳು ಟ್ರಿಪ್‌ಗಳ ಬಗ್ಗೆ ದಶಕಗಳಿಂದ ದೂರು ಕೇಳುತ್ತಿರುವ ನಗರವು ಲಾರಿಗಳಿಗೆ ಹಣ ಕೊಡುವುದನ್ನು ಆ ಕಾರಣಕ್ಕೆ ನಿಲ್ಲಿಸಿಲ್ಲ. ತಪಾಸಣೆಯನ್ನು ಬಿಗಿಗೊಳಿಸುವುದು ಅದಕ್ಕೆ ಇರುವ ಪರಿಹಾರ.

ಕೂಲಿಯ ಪ್ರಶ್ನೆಯ ಬೆನ್ನಿಗೇ ಗುತ್ತಿಗೆಯ ಪ್ರಶ್ನೆ ಬರುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತ್ಯಾಜ್ಯ ಆಯುವವರನ್ನು ಕಾನೂನಿನಲ್ಲಿ ವ್ಯಾಖ್ಯಾನಿಸಿ, ಅವರ ಸಂಘಟನೆಗಳನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯ ಎಂದು ಹೇಳಿದವು. ಅವುಗಳ ಜಾಗಕ್ಕೆ ಬಂದಿರುವ 2026ರ ನಿಯಮಗಳು ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ಎಚ್ಚರಿಕೆಯ ಕಸ (ಬಲ್ಬು, ಔಷಧಿಯಂಥವು) ಎಂದು ನಾಲ್ಕು ಬಗೆಯ ವಿಂಗಡಣೆಯನ್ನು ಕಡ್ಡಾಯ ಮಾಡಿವೆ. ನಿಯಮ ಒಂದು ಕಡೆ ಹೀಗೆ ಹೇಳುತ್ತಿರುವಾಗ, ಟೆಂಡರ್ ದಸ್ತಾವೇಜು ಇನ್ನೊಂದು ಕಡೆಗೆ ಎಳೆಯುತ್ತದೆ. ಕೋಟಿಗಟ್ಟಲೆ ವಹಿವಾಟಿನ ದಾಖಲೆ, ಸ್ವಂತ ವಾಹನಗಳು, ದೊಡ್ಡ ಮೊತ್ತದ ಇಎಂಡಿ (ಟೆಂಡರಿಗೆ ಕಟ್ಟುವ ಮುಂಗಡ ಠೇವಣಿ) ಕೇಳಿದ ಮೇಲೆ ತ್ಯಾಜ್ಯ ಆಯುವವರ ಸಂಘ ಅರ್ಜಿಯನ್ನೇ ಹಾಕಲಾರದು. ಹಸಿ ಮತ್ತು ಒಣ ಕಸಗಳೆರಡನ್ನೂ ಒಂದೇ ದೊಡ್ಡ ಪ್ಯಾಕೇಜಿನಲ್ಲಿ ಸೇರಿಸಿ ಒಬ್ಬನಿಗೇ ಕೊಟ್ಟರೆ, ಬೆಲೆಬಾಳುವ ಒಣ ಕಸ ಅವನ ಪಾಲಾಗುತ್ತದೆ, ಒಣ ತ್ಯಾಜ್ಯ ಕೇಂದ್ರಕ್ಕೆ ತಿರಸ್ಕೃತ ಮಾಲು ಮಾತ್ರ ಬರುತ್ತದೆ. ಎಷ್ಟೋ ಕಡೆ ಆಟೋ ಟಿಪ್ಪರಿನ ಸಹಾಯಕರೇ ಗುತ್ತಿಗೆದಾರನಿಂದ ಸರಿಯಾದ ಸಂಬಳವಿಲ್ಲದೆ, ದಾರಿಯಲ್ಲಿ ಆಯ್ದ ಒಣ ಕಸ ಮಾರಿ ಬದುಕುತ್ತಾರೆ. ಹೊಸ ಯಂತ್ರ, ಹೊಸ ವಾಹನ ಬಂದರೂ ಒಳಗಿನ ದುಡಿಮೆ ಹಳೆಯ ರೀತಿಯದೇ ಆಗಿರುತ್ತದೆ.

ಕರ್ನಾಟಕದ ಕಾನೂನಿನಲ್ಲಿ ಇದಕ್ಕೆ ದಾರಿಯಿಲ್ಲ ಎನ್ನುವಂತಿಲ್ಲ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 4(ಜಿ) ಕಲಮಿನಡಿ ಸರ್ಕಾರವು ಟೆಂಡರ್ ಪ್ರಕ್ರಿಯೆಯಿಂದ ವಿನಾಯಿತಿ ಕೊಡಬಹುದು. ಎಷ್ಟೋ ದೊಡ್ಡ ಕಾಮಗಾರಿಗಳಿಗೆ ಇದನ್ನು ಧಾರಾಳವಾಗಿ ಬಳಸಿರುವುದು ವಿಧಾನಮಂಡಲದಲ್ಲಿ ಮತ್ತೆ ಮತ್ತೆ ಚರ್ಚೆಯಾಗಿದೆ. ಅದೇ ಕಾಯ್ದೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲಾತಿಯೂ ಇದೆ. ಬಹುಪಾಲು ದಲಿತರೇ ಇರುವ ತ್ಯಾಜ್ಯ ಆಯುವವರ ಸಹಕಾರ ಸಂಘಗಳಿಗೆ ಒಂದೊಂದು ವಾರ್ಡಿನ ಒಣ ಕಸದ ಹಕ್ಕನ್ನು ಐದು ಅಥವಾ ಏಳು ವರ್ಷಗಳ ಅವಧಿಗೆ ಕೊಡಲು ಈ ಎರಡು ಅವಕಾಶಗಳು ಸಾಕು. ಅವಧಿ ಮುಖ್ಯ, ಏಕೆಂದರೆ ಹನ್ನೊಂದು ತಿಂಗಳ ಕರಾರಿನ ಮೇಲೆ ವಾಹನ ಸಾಲ ಕೊಡುವ ಬ್ಯಾಂಕು ಎಲ್ಲಿಯೂ ಇಲ್ಲ.

ದುಡಿಯುವ ದೇಹದ ಬಗ್ಗೆಯೂ ಹೇಳಬೇಕು. ಒಡೆದ ಗಾಜು, ಬ್ಲೇಡು, ಸೂಜಿ, ಬೀದಿನಾಯಿಯ ಕಡಿತ, ಬೆನ್ನು ಮತ್ತು ಮೊಣಕಾಲಿನ ನೋವು, ಸುಡುವ ಕಸದ ಹೊಗೆಯಿಂದ ಬರುವ ಕೆಮ್ಮು ಇವು ಈ ಕೆಲಸದ ಜೊತೆಗಾರರು. ಕೈಗವಸು ಕೊಟ್ಟರೂ ಇವರು ಹಾಕಿಕೊಳ್ಳುವುದಿಲ್ಲ ಎಂದು ಅಧಿಕಾರಿಗಳು ದೂರುತ್ತಾರೆ. ಬೆರಳ ತುದಿಯ ಸ್ಪರ್ಶದಿಂದಲೇ ಪ್ಲಾಸ್ಟಿಕ್ಕಿನ ಬಗೆಯನ್ನು ಗುರುತಿಸುವವರಿಗೆ ದಪ್ಪ ರಬ್ಬರ್ ಕವಸು ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಬಿಸಿಲಿನಲ್ಲಿ ಅದರೊಳಗೆ ಬೆವರು ನಿಂತು ಚರ್ಮ ಬಿರಿಯುತ್ತದೆ, ವೇಗ ಕುಗ್ಗಿ ಆ ದಿನದ ಗಳಿಕೆ ಇಳಿಯುತ್ತದೆ. ಕೆಲಸಕ್ಕೆ ಒಗ್ಗುವ ಕವಸನ್ನು ಅವರನ್ನೇ ಕೇಳಿ ಆರಿಸಬೇಕು, ಹರಿದಾಗ ಬದಲಿ ಕೊಡಬೇಕು. ಇದಕ್ಕಿಂತ ದೊಡ್ಡ ರಕ್ಷಣೆ ನಮ್ಮ ಅಡುಗೆಮನೆಗಳಲ್ಲಿದೆ. ಹಸಿ ಕಸ ಬೆರೆಯದ ಒಣ ಚೀಲ, ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿದ ಪ್ಯಾಡು, ಬೇರೆಯಾಗಿ ಕೊಟ್ಟ ಇನ್ಸುಲಿನ್ ಸೂಜಿ ಇಷ್ಟಿದ್ದರೆ ಗಾಯಗಳಲ್ಲಿ ಬಹುಪಾಲು ಆಗುವುದೇ ಇಲ್ಲ. ಸ್ಯಾನಿಟರಿ ಪ್ಯಾಡ್ ತಯಾರಿಸುವ ಕಂಪನಿಗಳು ಸುತ್ತಿ ಎಸೆಯಲು ಹೊದಿಕೆಯನ್ನೂ ಕೊಡಬೇಕೆಂದು 2016ರ ನಿಯಮಗಳೇ ಹೇಳಿದ್ದವು. ಬೇರೊಬ್ಬರ ರಕ್ತ ಮೆತ್ತಿದ ವಸ್ತುವನ್ನು ಬರಿಗೈಯಲ್ಲಿ ಬಿಡಿಸುವ ಕೆಲಸವನ್ನು ಒಂದು ಸಮಾಜ ದಿನವೂ ಒಂದೇ ಸಮುದಾಯದ ಹೆಂಗಸರಿಂದ ಮಾಡಿಸಿಕೊಳ್ಳುತ್ತಿರುವುದು ಜಾತಿ ವ್ಯವಸ್ಥೆಯ ಮುಂದುವರಿಕೆಯಲ್ಲದೆ ಬೇರೇನೂ ಅಲ್ಲ.

ವಾಸದ ಸ್ಥಿತಿ ಕೆಲಸದ ಸ್ಥಿತಿಯಿಂದ ಬೇರೆಯಲ್ಲ, ಏಕೆಂದರೆ ವಿಂಗಡಣೆ ನಡೆಯುವುದು ಮನೆಯ ಅಂಗಳದಲ್ಲೇ. ಬೆಂಗಳೂರಿನ ಹಳೆಯ ಕೊಳೆಗೇರಿಗಳಲ್ಲಿ ನೆಲೆನಿಂತ ತಮಿಳು, ತೆಲುಗು, ಕನ್ನಡ ಮಾತಾಡುವ ಕುಟುಂಬಗಳಿಗೆ ಮತದಾರರ ಚೀಟಿ, ಪಡಿತರ ಚೀಟಿಗಳಾದರೂ ಇವೆ. ಕಳೆದ ಎರಡು ದಶಕಗಳಲ್ಲಿ ಪಶ್ಚಿಮ ಬಂಗಾಳ, ಅಸ್ಸಾಂಗಳಿಂದ ಬಂದವರ ಸ್ಥಿತಿ ಬೇರೆ. ನಗರದ ಪೂರ್ವ ಮತ್ತು ಉತ್ತರ ಅಂಚುಗಳಲ್ಲಿ, ಅಪಾರ್ಟ್‌ಮೆಂಟುಗಳ ಬೆನ್ನಿಗಿರುವ ಖಾಲಿ ನಿವೇಶನಗಳಲ್ಲಿ, ನೀಲಿ ಟಾರ್ಪಾಲಿನ ಶೆಡ್ಡುಗಳ ಗುಂಪು ನಿಲ್ಲುತ್ತದೆ. ಗುಜರಿ ವ್ಯಾಪಾರಿ ಜಮೀನಿನ ಮಾಲೀಕನಿಂದ ಜಾಗ ಬಾಡಿಗೆಗೆ ಹಿಡಿದು ಕುಟುಂಬಗಳನ್ನು ಇರಿಸುತ್ತಾನೆ, ಅವರು ಆಯ್ದ ಮಾಲನ್ನೆಲ್ಲ ಅವನೇ ಕೊಳ್ಳುತ್ತಾನೆ. ಇರಲು ಜಾಗ ಕೊಟ್ಟವನು, ವ್ಯಾಪಾರಿ, ಸಾಲ ಕೊಡುವವನು, ನೀರು ಮತ್ತು ವಿದ್ಯುತ್ ಕೊಡುವವನು ಎಲ್ಲರೂ ಒಬ್ಬನೇ. ಬೋರ್‌ವೆಲ್ ನೀರಿಗೂ, ಎಳೆದುಕೊಂಡ ಒಂದು ಬಲ್ಬಿಗೂ ಹಣ, ಶೌಚಾಲಯ ಇಲ್ಲ, ರಾಶಿಗೆ ಬೆಂಕಿ ಬಿದ್ದರೆ ಮನೆಯೂ ಹೋಗುತ್ತದೆ. ಜಮೀನಿನ ಬೆಲೆ ಏರಿದ ದಿನ ಎಲ್ಲರೂ ಜಾಗ ಖಾಲಿ ಮಾಡಬೇಕು.

ಬಂಗಾಳಿ ಮಾತಾಡಿದರೆ ಬಾಂಗ್ಲಾದೇಶಿ ಎಂಬ ಅನುಮಾನ ಇದರ ಮೇಲೆ ಇನ್ನೊಂದು ಹೊರೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿ ಕರಿಯಮ್ಮನ ಅಗ್ರಹಾರದಲ್ಲಿ ಇಂಥದೇ ಆರೋಪದ ಮೇಲೆ ಶೆಡ್ಡುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರೂ ಇದ್ದರು. ಹೈಕೋರ್ಟ್ ಆ ಕಾರ್ಯಾಚರಣೆ ಕಾನೂನುಬಾಹಿರ ಎಂದಿತು. ತೀರ್ಪು ಬಂದ ಮೇಲೂ ಅಂಥ ಶೆಡ್ಡುಗಳಲ್ಲಿ ಇರುವವರ ಭಯ ಹೋಗಿಲ್ಲ. ವಿಳಾಸವಿಲ್ಲದಿದ್ದರೆ ಪಡಿತರವಿಲ್ಲ, ಅಂಗನವಾಡಿಯಿಲ್ಲ, ಶಾಲೆಯ ದಾಖಲಾತಿಯೂ ಕಷ್ಟ, ಮತ್ತು ಶಾಲೆಗೆ ಹೋಗದ ಮಗು ಒಂಬತ್ತು ಹತ್ತನೆಯ ವಯಸ್ಸಿಗೆ ವಿಂಗಡಣೆಗೆ ಕೂರುತ್ತದೆ. ಎಲ್ಲರಿಗೂ ಫ್ಲಾಟ್ ಕಟ್ಟಿಕೊಡುವುದು ಇದಕ್ಕೆ ಉತ್ತರವಲ್ಲ. ನಗರದಾಚೆಯ ನಾಲ್ಕನೆಯ ಮಹಡಿಗೆ ತಳ್ಳುಗಾಡಿ ಏರುವುದಿಲ್ಲ, ಅಲ್ಲಿಂದ ಮುಂಜಾನೆ ಕೆಲಸಕ್ಕೆ ಬಸ್ಸೂ ಇರುವುದಿಲ್ಲ. ದುಡಿಯುವ ವಾರ್ಡಿನಲ್ಲೇ ಕಡಿಮೆ ಬಾಡಿಗೆಯ ಮನೆಗಳು, ಅದರಿಂದ ನಡೆದು ಹೋಗುವ ದೂರದಲ್ಲಿ ಸೂರು, ನೀರು, ಶೌಚಾಲಯ, ಬೀಗ ಇರುವ ವಿಂಗಡಣೆಯ ಜಾಗ ಬೇಕು. ಕಸವನ್ನು ಮನೆಯಿಂದ ಹೊರಗಿಡಲು ಸಾಧ್ಯವಾದಾಗ ಮಾತ್ರ ಮನೆ ಮನೆಯಾಗುತ್ತದೆ.

ಸರ್ಕಾರಿ ಯೋಜನೆಗಳ ಕೊರತೆಯೇನೂ ಇಲ್ಲ. ಒಳಚರಂಡಿ ಕಾರ್ಮಿಕರಿಗಾಗಿ ಆರಂಭವಾದ ಕೇಂದ್ರದ ‘ನಮಸ್ತೆ’ ಯೋಜನೆಯನ್ನು 2024ರಲ್ಲಿ ತ್ಯಾಜ್ಯ ಆಯುವವರಿಗೂ ವಿಸ್ತರಿಸಿ, ಎರಡೂವರೆ ಲಕ್ಷ ಜನರನ್ನು ಗುರುತಿಸುವ ಗುರಿ ಇಟ್ಟುಕೊಳ್ಳಲಾಯಿತು. ಸುರಕ್ಷಾ ಕಿಟ್, ಆಯುಷ್ಮಾನ್ ಕಾರ್ಡ್, ವಾಹನ ಕೊಳ್ಳಲು ಸಹಾಯಧನ ಅದರಲ್ಲಿವೆ. ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರು, ಟೈಲರುಗಳು, ಅಗಸರ ಜೊತೆಗೆ ಚಿಂದಿ ಆಯುವವರೂ ಮೊದಲಿನಿಂದ ಇದ್ದಾರೆ. ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರದ ಇ-ಶ್ರಮ್ ನೋಂದಣಿ ಇದೆ, ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವಿದೆ. ಒಂದೊಂದಕ್ಕೂ ಒಂದೊಂದು ಅರ್ಜಿ, ಒಂದೊಂದು ಕಚೇರಿ. ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ತುಂಬಿಸಲು ಸೈಬರ್ ಸೆಂಟರಿನಲ್ಲಿ ಅರ್ಧ ದಿನ ಕಳೆದರೆ ಆ ಅರ್ಧ ದಿನದ ಗಳಿಕೆ ಹೋಯಿತು. ಪಾಲಿಕೆಯ ಗುರುತಿನ ಚೀಟಿಯೊಂದನ್ನೇ ಆಧಾರವಾಗಿಟ್ಟು, ಒಣ ತ್ಯಾಜ್ಯ ಕೇಂದ್ರದಲ್ಲೇ, ಸಂಜೆಯ ಹೊತ್ತಿನಲ್ಲಿ ಎಲ್ಲ ನೋಂದಣಿ ಮುಗಿಸಬಹುದು.

ಮುಂದಿನ ವರ್ಷಗಳ ಅಪಾಯ ಎರಡು ಕಡೆಯಿಂದ ಬರುತ್ತಿದೆ. ಮೊದಲನೆಯದು ಉತ್ಪಾದಕರ ಹೊಣೆಗಾರಿಕೆಯ ವ್ಯವಸ್ಥೆ. 2022ರ ಮಾರ್ಗಸೂಚಿಗಳ ಪ್ರಕಾರ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸರಕು ಮಾರುವ ಕಂಪನಿಗಳು ಅಷ್ಟೇ ಪ್ರಮಾಣದ ಪ್ಲಾಸ್ಟಿಕ್ ಮರುಬಳಕೆಯಾಗಿದೆ ಎಂಬ ಪ್ರಮಾಣಪತ್ರಗಳನ್ನು ತೋರಿಸಬೇಕು. ಆ ಪ್ರಮಾಣಪತ್ರ ಮಾರುವ ಹಕ್ಕಿರುವುದು ನೋಂದಾಯಿತ ಮರುಬಳಕೆ ಘಟಕಗಳಿಗೆ. ಪೊಟ್ಟಣವನ್ನು ನೆಲದಿಂದ ಎತ್ತಿದವರ ಹೆಸರಾಗಲಿ ತೂಕವಾಗಲಿ ಆ ಲೆಕ್ಕದಲ್ಲಿ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು ಪತ್ತೆಯಾದದ್ದು ಈ ಕೊರತೆಯ ಇನ್ನೊಂದು ಮುಖ. ತಳದಲ್ಲಿ ಆಯ್ದವರ ತೂಕದ ಚೀಟಿ ಇಲ್ಲದೆ ಪ್ರಮಾಣಪತ್ರವೇ ಹುಟ್ಟದಂತೆ ನಿಯಮ ಮಾಡಿದರೆ ಕಂಪನಿಯ ಹಣದ ಒಂದು ಪಾಲು ಅವರಿಗೂ ತಲುಪುತ್ತದೆ, ನಕಲಿಗೂ ತಡೆ ಬೀಳುತ್ತದೆ.

ಎರಡನೆಯದು ಬೆಂಕಿ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿರುವ 11.5 ಮೆಗಾವಾಟ್ ಸಾಮರ್ಥ್ಯದ ಘಟಕದಂಥವು ಕಸ ಸುಟ್ಟು ವಿದ್ಯುತ್ ತಯಾರಿಸುತ್ತವೆ. ನಮ್ಮ ಹಸಿ ಕಸದಲ್ಲಿ ನೀರಿನಂಶವೇ ಹೆಚ್ಚು, ಅದು ಉರಿಯುವುದಿಲ್ಲ. ಚೆನ್ನಾಗಿ ಉರಿಯುವುದು ಕಾಗದ, ರಟ್ಟು, ಪ್ಲಾಸ್ಟಿಕ್, ಅಂದರೆ ತ್ಯಾಜ್ಯ ಆಯುವವರ ಅನ್ನ. ಘಟಕಕ್ಕೆ ದಿನಕ್ಕಿಷ್ಟು ಟನ್ ಒಣ ಕಸ ಕೊಡುತ್ತೇವೆಂದು ಪಾಲಿಕೆ ಕರಾರು ಮಾಡಿಕೊಂಡ ದಿನದಿಂದ ಒಣ ತ್ಯಾಜ್ಯ ಕೇಂದ್ರವೂ ಕುಲುಮೆಯೂ ಒಂದೇ ಚೀಲಕ್ಕೆ ಕೈಹಾಕುತ್ತವೆ. ಮರುಬಳಕೆಗೆ ಬರುವುದನ್ನೆಲ್ಲ ಆಯ್ದ ನಂತರ ಉಳಿದದ್ದು ಮಾತ್ರ ಕುಲುಮೆಗೆ ಎಂಬ ಷರತ್ತನ್ನು ಆ ಕರಾರಿನಲ್ಲೇ ಬರೆಯಬೇಕು.

ಬೆಂಗಳೂರಿನಾಚೆ ಚಿತ್ರ ಇನ್ನೂ ಮಸುಕು. ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳ ಮಹಿಳೆಯರು ಕಸದ ವಾಹನ ಓಡಿಸುತ್ತಿರುವುದು, ಘಟಕ ನಡೆಸುತ್ತಿರುವುದು ಹೆಮ್ಮೆಯ ಸಂಗತಿ. ಆದರೆ ಸಂತೆ ಮಾಳದಲ್ಲಿ, ಬಸ್ ನಿಲ್ದಾಣದಲ್ಲಿ ಮೊದಲಿನಿಂದ ಆಯುತ್ತಿದ್ದ ಅಲೆಮಾರಿ ಕುಟುಂಬಕ್ಕೆ ಆ ಒಕ್ಕೂಟದಲ್ಲಿ ಜಾಗ ಸಿಕ್ಕಿದೆಯೇ ಎಂದು ಪ್ರತಿ ಪಂಚಾಯಿತಿಯೂ ಕೇಳಿಕೊಳ್ಳಬೇಕು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಹಳೆಯ ಆಯುಕ್ತರ ಸಹಿಯ ಗುರುತಿನ ಚೀಟಿಗೆ ಐದೂ ಪಾಲಿಕೆಗಳಲ್ಲಿ ಮಾನ್ಯತೆ ಇದೆ ಎಂಬ ಒಂದು ಸುತ್ತೋಲೆ, ಬಿಟ್ಟುಹೋದವರಿಗಾಗಿ ಸಂಘಟನೆಗಳ ಜೊತೆ ಸೇರಿ ಬೆಳಗಿನ ಜಾವದಲ್ಲೇ ನಡೆಸುವ ಹೊಸ ಗಣತಿ, ಒಣ ಕಸಕ್ಕೆ ಪ್ರತ್ಯೇಕ ಕರಾರು, ಬಳಕೆದಾರರ ಶುಲ್ಕದಿಂದ ಕಿಲೋ ಲೆಕ್ಕದ ಸೇವಾಶುಲ್ಕ ಇವಿಷ್ಟನ್ನು ಹೊಸ ಪಾಲಿಕೆಗಳು ತಮ್ಮ ಬಜೆಟ್ಟುಗಳಲ್ಲೇ ಸೇರಿಸಬಹುದು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ.